ಇಪ್ಪತ್ತನಾಲ್ಕಕ್ಕೆ ಹದಿನಾಲ್ಕು

ನಮ್ಮ ಬೀದಿಯ ಕ್ಷೌರದ ಅಂಗಡಿಯವನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಏಳಕ್ಕೆ ಷಟರ್ ಎತ್ತಿದ ಕೂಡಲೇ ಆರಂಭವಾದ ಅವನ ಮಾತು ಅದನ್ನು ಮತ್ತೆ ಇಳಿಸುವವರೆಗೆ ನಿಲ್ಲುತ್ತಿರಲಿಲ್ಲ. ಯಾರ ಮಗಳ ಮದುವೆ ಯಾಕೆ ಮುರಿಯಿತು, ಯಾವ ಬಸ್ಸು ಯಾವ ತಿರುವಿನಲ್ಲಿ ಕೆಟ್ಟು ನಿಂತಿತು, ಎಲ್ಲವೂ ಅವನ ಕತ್ತರಿಯ ತಾಳಕ್ಕೆ ಹೊರಬರುತ್ತಿದ್ದವು. ಏಳನೆಯ ತರಗತಿಯಲ್ಲಿ ಅವನಿಗೆ ಪಾಠ ಹೇಳಿದವನು ನಾನು. ಆಗಲೂ ಹೀಗೆಯೇ. ಬಾಯಿ ಮುಚ್ಚೆಂದು ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತೇ ಹೊರತು ಅವನದು ಮುಚ್ಚುತ್ತಿರಲಿಲ್ಲ. ಆ ವರ್ಷ ಗಣಿತದಲ್ಲಿ ಅವನಿಗೆ ಎರಡು ಅಂಕ ಕಡಿಮೆ ಬಿದ್ದವು. ನಾನು ಎರಡು ಕೃಪಾಂಕ ಸೇರಿಸಿ ಪಾಸು ಮಾಡಿದೆ. ಆ ಎರಡು ಅಂಕವನ್ನು ಅವನು ಮರೆಯಲಿಲ್ಲ. ನನ್ನ ತಲೆಗೆ ನೀರು ಚಿಮುಕಿಸುವಾಗಲೆಲ್ಲ, "ಅವತ್ತು ನೀವು ಕೈ ಹಿಡೀದೇ ಇದ್ದಿದ್ರೆ ನಾನು ಇನ್ನೂ ಏಳನೇ ಕ್ಲಾಸಲ್ಲೇ ಇರ್ತಿದ್ದೆ ಮೇಷ್ಟ್ರೇ, ಗಡ್ಡ ಬಿಟ್ಕೊಂಡು" ಎನ್ನುತ್ತಿದ್ದ.

ಅಂಗಡಿ ಎಂಟಡಿ ಅಗಲ, ಹನ್ನೆರಡಡಿ ಉದ್ದ. ಕಬ್ಬಿಣದ ಪಾದದ ಒಂದು ಕುರ್ಚಿ, ಕಾಯುವವರಿಗೊಂದು ಬೆಂಚು, ಮೂಲೆಯಲ್ಲಿ ನಲ್ಲಿ. ಎದುರು ಗೋಡೆಗೊಂದು ಕನ್ನಡಿ, ಹಿಂದಿನ ಗೋಡೆಗೊಂದು ಕನ್ನಡಿ. ಕುರ್ಚಿಯಲ್ಲಿ ಕುಳಿತರೆ ಒಂದರೊಳಗೊಂದು ಕೋಣೆಗಳ ಸಾಲು ಕಾಣುತ್ತಿತ್ತು. ಪ್ರತಿಯೊಂದರಲ್ಲೂ ಒಬ್ಬ ರೇಡಿಯೋ ನಿಂತಿರುತ್ತಿದ್ದ. ಇಪ್ಪತ್ತೆಂಟು ವರ್ಷ ಅವನು ಆ ಎರಡು ಕನ್ನಡಿಗಳ ನಡುವೆ ನಿಂತೇ ದುಡಿದವನು.

ಕಳೆದ ಎರಡು ವರ್ಷಗಳಿಂದ ಬೀದಿಯಲ್ಲಿ ಒಂದು ಮಾತು ಹರಡಿತ್ತು: ರೇಡಿಯೋ ಸಂಜೆಯಾದರೆ ಕುಡಿಯುತ್ತಾನೆ. ಹಾಗೆ ಹೇಳಿದವರ ತಪ್ಪಲ್ಲ. ಬೆಳಿಗ್ಗೆ ಗಂಟೆ ಬಾರಿಸಿದಂತಿರುವ ಮಾತು ಸಂಜೆಗೆ ಮೂಗಿನಲ್ಲಿ ಸಿಕ್ಕಿಕೊಂಡು ತೊದಲುತ್ತಿತ್ತು. ರೆಪ್ಪೆಗಳು ಜೋಲುತ್ತಿದ್ದವು, ಎಡಗಣ್ಣಿನದು ಇನ್ನೂ ಹೆಚ್ಚು. ದಿನವೂ ಆರು ಗಂಟೆಗೆ ಹೆಂಡತಿ ಬಂದು ಷಟರ್ ಎಳೆದು, ಅವನನ್ನು ಕೈಹಿಡಿದು ಕರೆದೊಯ್ಯುತ್ತಿದ್ದಳು. ಅವಳು ಬಾರದಿದ್ದರೆ ಅವನು ನೇರ ಮದ್ಯದ ಅಂಗಡಿಗೇ ಹೋಗುತ್ತಾನೆಂದು ಜನ ಅರ್ಥ ಮಾಡಿಕೊಂಡರು. ನಾನೂ ಹಾಗೆಯೇ ಅರ್ಥ ಮಾಡಿಕೊಂಡೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

"ಏನಪ್ಪಾ ರೇಡಿಯೋ, ಬ್ಯಾಟರಿ ಇಳೀತೋ, ಎಣ್ಣೆ ಏರಿತೋ?" ಎಂದು ಎದುರಂಗಡಿಯ ದರ್ಜಿ ದಿನಾ ಸಂಜೆ ಕೂಗುತ್ತಿದ್ದ.

"ಎರಡೂ!" ಎಂದು ರೇಡಿಯೋ ಕೂಗಿ ನಗುತ್ತಿದ್ದ. ಒಮ್ಮೊಮ್ಮೆ ಆ ನಗು ಮುಖದ ಮೇಲೆ ಮೂಡುತ್ತಲೇ ಇರಲಿಲ್ಲ, ಸದ್ದು ಮಾತ್ರ ಬರುತ್ತಿತ್ತು.

ಒಂದು ಭಾನುವಾರ ಅವನ ಹೆಂಡತಿ ನಮ್ಮ ಮನೆಗೆ ಬಂದಳು. ಹೊಸ್ತಿಲ ಬಳಿಯೇ ನಿಂತು, "ಮೇಷ್ಟ್ರೇ, ಅವರು ಕುಡಿಯಲ್ಲ" ಎಂದಳು. ಕೂರೆಂದರೂ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು. ಕಾಯಿಲೆ ಇದೆಯೆಂದು ತಿಳಿದು ಏಳು ತಿಂಗಳಾಗಿತ್ತು. ನರ ಕೊಟ್ಟ ಅಪ್ಪಣೆ ಸ್ನಾಯುವಿಗೆ ಪೂರ್ತಿಯಾಗಿ ಮುಟ್ಟದಿರುವ ಕಾಯಿಲೆ. ದುಡಿದಷ್ಟೂ ಸ್ನಾಯು ಸೋಲುತ್ತದೆ, ಮಲಗಿ ಎದ್ದರೆ ಸ್ವಲ್ಪ ಚೇತರಿಸುತ್ತದೆ. ಹಾಗಾಗಿ ಬೆಳಿಗ್ಗೆ ಅವನು ಗಟ್ಟಿ, ಸಂಜೆ ಬಟ್ಟೆಯ ಗೊಂಬೆ. ಅವನ ಅಂಗಿಯ ಗುಂಡಿ ಹಾಕುವವಳು ಅವಳು. ಊಟವನ್ನು ಕಿವುಚಿ ಮೆತ್ತಗೆ ಮಾಡಿ ಬಡಿಸುವವಳೂ ಅವಳು. ಅವರ ಮನೆ ಮೂರನೆಯ ಮಹಡಿಯಲ್ಲಿ. ನಲವತ್ತೆಂಟು ಮೆಟ್ಟಿಲು ಹತ್ತಲು ಅವನಿಗೆ ಅರ್ಧ ಗಂಟೆ ಬೇಕು.

"ಹಾಗಾದ್ರೆ ಕುಡಿತಾನೆ ಅಂತ ಜನ ಅಂದಾಗ ಅವನ್ಯಾಕೆ ಸುಮ್ಮನಿದ್ದಾನೆ?" ಎಂದು ಕೇಳಿದೆ.

"ಸುಮ್ಮನಿಲ್ಲ ಮೇಷ್ಟ್ರೇ. ಸಂಜೆ ಆಯ್ತಂದ್ರೆ ಕಾಲರಿಗೆ ಆ ಘಾಟು ಷೇವಿಂಗ್ ಲೋಷನ್ ಸುರ್ಕೊಳ್ತಾರೆ, ವಾಸನೆ ಬರಲಿ ಅಂತ! ಕುಡುಕನ ಕೈ ಬೆಳಿಗ್ಗೆ ಸರಿಹೋಗುತ್ತೆ ಅಂತ ಜನ ನಂಬ್ತಾರಂತೆ. ಕೈಯಲ್ಲಿ ಶಕ್ತಿ ಇಲ್ಲದವನಿಗೆ ಯಾರು ಕತ್ತು ಒಡ್ತಾರೆ ಅಂತಾರೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮ್ಮಣ್ಣ ಇವರ ಜೊತೆ ಮಾತು ಬಿಟ್ಟು ಒಂದು ವರ್ಷ ಆಯ್ತು. ಹೇಳೋಣ ಅಂದ್ರೆ ಆಣೆ ಹಾಕಿಸ್ಕೊಂಡಿದ್ದಾರೆ. ಇವತ್ತು ಆಣೆ ಮುರಿದು ಬಂದಿದ್ದೀನಿ."

ಅವಳು ಬಂದ ಕಾರಣ ಬೇರೆ ಇತ್ತು. ಮಾತ್ರೆ ಸಾಲದೆ ಹೋದರೆ ಆಸ್ಪತ್ರೆಯಲ್ಲಿ ಇರಿಸಿಕೊಂಡು ಕೊಡುವ ಚಿಕಿತ್ಸೆಯೊಂದಿದೆ. ಬೇಕೋ ಬೇಡವೋ ಎಂದು ದೊಡ್ಡ ಡಾಕ್ಟರು ತೀರ್ಮಾನಿಸುವಾಗ ಮುಖ್ಯವಾಗಿ ನೋಡುವುದು ಒಂದು ಹಾಳೆಯನ್ನು. ಅದರಲ್ಲಿ ದಿನನಿತ್ಯದ ಬದುಕಿನ ಎಂಟು ಪ್ರಶ್ನೆಗಳು. ತೊಂದರೆ ಇಲ್ಲವಾದರೆ ಸೊನ್ನೆ, ಆಗುವುದೇ ಇಲ್ಲವಾದರೆ ಮೂರು. ರೇಡಿಯೋ ಎರಡು ಸಲ ಹೋಗಿ ಎರಡು ಸಲವೂ ಎಂಟು ಸೊನ್ನೆ ಹಾಕಿಸಿಕೊಂಡು ಬಂದಿದ್ದ. ಅವಳು ಪಕ್ಕದಿಂದ ಬಾಯಿ ತೆರೆದರೆ ಮಂಡಿ ಒತ್ತಿ ಸುಮ್ಮನಾಗಿಸಿದ್ದ. ಈಚೆಗೆ ನೀರು ಕುಡಿದರೆ ಮೂಗಿನಲ್ಲಿ ಬರುತ್ತಿದೆ ಎಂದಳು. "ನಿಮ್ಮ ಮಾತು ಕೇಳ್ತಾರೆ. ಒಂದ್ಸಲ ಜೊತೇಲಿ ಬನ್ನಿ."

ಹೋದೆ. ಹೋಗಿ ನಾನು ಮಾಡಿದ ಕೆಲಸವನ್ನು ಕೇಳಿ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಮೂವತ್ತೈದು ವರ್ಷದ ಅಭ್ಯಾಸ ನೋಡಿ, ಅವನ ಬೆನ್ನು ತಟ್ಟಿ, "ನೆಟ್ಟಗೆ ಕೂತ್ಕೊ. ಕೇಳಿದ್ದಕ್ಕೆ ಚುರುಕಾಗಿ ಉತ್ತರ ಕೊಡು. ಹೆದರಬೇಡ" ಎಂದುಬಿಟ್ಟೆ. ಅವನ ಹೆಂಡತಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಒಂಬತ್ತು ಗಂಟೆಗೆ ಕರೆದರು. ಕಿಟಕಿಯಿಲ್ಲದ ಪುಟ್ಟ ಕೋಣೆ, ಬಿಳಿಯ ಮೇಜು, ಗೋಡೆಯ ಗಡಿಯಾರ. ತಪಾಸಣೆ ಮಾಡುವಾಕೆ ನನ್ನ ಕೊನೆಯ ಮಗಳ ವಯಸ್ಸಿನವಳು, ಬಿಳಿ ಕೋಟಿನ ತೋಳು ಮಡಿಸಿದ್ದಳು.

"ಮಾತಾಡೋಕೆ ಕಷ್ಟ ಇದೆಯಾ?"

"ಕಷ್ಟ ಕೇಳೋರಿಗೆ ತಾಯಿ, ನನಗಲ್ಲ."

ಸೊನ್ನೆ.

"ಅಗಿಯೋಕೆ?"

"ಕಲ್ಲು ಕೊಟ್ರೂ ಅಗೀತೀನಿ."

ಹೇಳುವಾಗ ಅವನು ಮೇಜಿಗೆ ಮೊಣಕೈ ಊರಿ ಗಲ್ಲಕ್ಕೆ ಅಂಗೈ ಕೊಟ್ಟಿದ್ದ. ಏನೋ ಯೋಚಿಸುತ್ತಿರುವವನಂತೆ ಕಾಣುತ್ತಿದ್ದ. ದವಡೆ ಜಾರದಂತೆ ಎತ್ತಿ ಹಿಡಿದಿದ್ದನೆಂದು ನನಗೆ ಆಮೇಲೆ ತಿಳಿಯಿತು. ನುಂಗುವುದು, ಉಸಿರಾಟ, ಕುರ್ಚಿಯಿಂದ ಏಳುವುದು, ಒಂದು ಎರಡಾಗಿ ಕಾಣುವುದು, ರೆಪ್ಪೆ, ಎಲ್ಲಕ್ಕೂ "ಇಲ್ಲ, ಇಲ್ಲ" ಎಂದ. ಪಾಠ ಒಪ್ಪಿಸುವ ಜಾಣ ಹುಡುಗನಂತೆ ನಡುನಡುವೆ ನನ್ನ ಕಡೆ ನೋಡುತ್ತಿದ್ದ.

"ಹಲ್ಲುಜ್ಜೋದು, ತಲೆ ಬಾಚೋದು?"

"ದಿನಕ್ಕೆ ಇಪ್ಪತ್ತು ತಲೆ ಬಾಚ್ತೀನಿ."

"ನಾನು ಕೇಳಿದ್ದು ನಿಮ್ಮ ತಲೆ."

ಅವನು ತಲೆ ಸವರಿಕೊಂಡ. ಬಾಚಲು ಅಲ್ಲಿ ಏನೂ ಇರಲಿಲ್ಲ. ಒಂದು ಕಾಲದಲ್ಲಿ ಅಲೆಅಲೆಯಾಗಿ ಕೂದಲು ಬಿಟ್ಟು, ಗಿರಾಕಿಗಳಿಗೆ ತನ್ನ ತಲೆಯನ್ನೇ ಮಾದರಿಯಾಗಿ ತೋರಿಸುತ್ತಿದ್ದವನು ಚರ್ಮಕ್ಕೆ ಹತ್ತುವಂತೆ ಕತ್ತರಿಸಿಕೊಂಡಿದ್ದ.

"ಇದನ್ನ ಯಾರು ಕತ್ತರಿಸಿದ್ದು?" ಎಂದು ಆಕೆ ಕೇಳಿದಳು.

"ಮನೆಯವಳು," ಎಂದ.

ಆಕೆ ಪೆನ್ನು ಕೆಳಗಿಟ್ಟಳು. "ಇಪ್ಪತ್ತೆಂಟು ವರ್ಷದ ಕ್ಷೌರಿಕರು ನೀವು. ನಿಮ್ಮ ಕೂದಲು ಕತ್ತರಿಸೋದು ನಿಮ್ಮ ಮನೆಯವರು. ಸರಿ, ಒಂದರಿಂದ ಐವತ್ತರವರೆಗೆ ಎಣಿಸಿ."

ಮೂವತ್ತರವರೆಗೆ ಚೆನ್ನಾಗಿತ್ತು. ಮೂವತ್ತೆಂಟರ ಹೊತ್ತಿಗೆ ಧ್ವನಿ ಮೂಗಿಗೇರಿತು. ನಲವತ್ತೊಂದಕ್ಕೆ ಅವನು ಕೆಮ್ಮಿ, "ಗಂಟಲು ಒಣಗಿದೆ ತಾಯಿ, ಉಳಿದದ್ದು ನಾಳೆ ಎಣಿಸ್ತೀನಿ" ಎಂದು ನಕ್ಕ.

ಆಕೆ ನಗಲಿಲ್ಲ. ನಮ್ಮನ್ನು ಕಳುಹಿಸುವಾಗ ನನ್ನನ್ನು ಬಾಗಿಲ ಬಳಿ ನಿಲ್ಲಿಸಿಕೊಂಡು ಒಂದು ಖಾಲಿ ಹಾಳೆ ಕೊಟ್ಟಳು. "ಬೆಳಿಗ್ಗೆ ಒಂಬತ್ತಕ್ಕೆ ನನ್ನೆದುರು ಎಲ್ಲರೂ ಗಟ್ಟಿಮುಟ್ಟು ಸಾರ್. ನನಗೆ ಸಂಜೆ ಆರು ಗಂಟೆ ಬೇಕು. ಆಗ ಇಲ್ಲಿ ಬೀಗ ಬಿದ್ದಿರುತ್ತೆ. ಒಂದು ವಾರ ನೀವು ಅಂಗಡೀಲಿ ಕೂತು ನೋಡಿ. ಹೇಗಿದ್ದೀಯ ಅಂತ ಕೇಳಬೇಡಿ. ಏನು ಮಾಡ್ತಾರೆ, ಅದನ್ನ ಹೇಗೆ ಮಾಡ್ತಾರೆ ನೋಡಿ. ಕೊನೇ ದಿನ ಅವರ ಬಾಯಿಂದಲೇ ಉತ್ತರ ಬರಲಿ. ಅವರು ಒಪ್ಪದೇ ಯಾರೂ ಅವರನ್ನ ಮಲಗಿಸಿ ಚಿಕಿತ್ಸೆ ಕೊಡೋಕಾಗಲ್ಲ." ಮತ್ತೆ ಹೇಳಿದಳು: "ನುಂಗೋದು, ಉಸಿರಾಡೋದು, ಇವೆರಡು ಕೈಕೊಟ್ಟ ದಿನ ಇಲ್ಲಿಗೆ ಬರೋಷ್ಟು ಹೊತ್ತೂ ಸಿಗದೇ ಹೋಗಬಹುದು."

ಹೀಗೆ ನಾನು ಮತ್ತೆ ಪರೀಕ್ಷಾ ಕೊಠಡಿಯ ಮೇಲ್ವಿಚಾರಕನಾದೆ. ದಿನವೂ ನಾಲ್ಕಕ್ಕೆ ಹೋಗಿ ಬೆಂಚಿನ ಮೇಲೆ ಪತ್ರಿಕೆ ಹರಡಿಕೊಂಡು ಕೂರುತ್ತಿದ್ದೆ. ಹಾಳೆ ಜೇಬಿನಲ್ಲಿತ್ತು. ಅವನಿಗೂ ಗೊತ್ತಿತ್ತು.

ನೋಡುತ್ತ ಕುಳಿತರೆ ಏನೆಲ್ಲ ಕಾಣುತ್ತದೆ! ಮೊದಲು ಗಿರಾಕಿಯನ್ನು ಬೇಕಾದ ಎತ್ತರಕ್ಕೆ ಏರಿಸುತ್ತಿದ್ದವನು ಈಗ ಕುರ್ಚಿಯನ್ನು ತಳಕ್ಕಿಳಿಸಿಬಿಟ್ಟಿದ್ದ. ಕೈ ಎತ್ತುವ ಬದಲು ತಲೆಯನ್ನೇ ಕೆಳಗೆ ತಂದುಕೊಂಡಿದ್ದ. ಬಲ ಮೊಣಕೈಯನ್ನು ಪಕ್ಕೆಲುಬಿಗೆ ಒತ್ತಿ, ಎಡ ಅಂಗೈಯಿಂದ ಅದನ್ನು ಎತ್ತಿ ಹಿಡಿದು ಕತ್ತರಿಯಾಡಿಸುತ್ತಿದ್ದ. ನೋಡುವವರಿಗೆ ಅದೊಂದು ಶೈಲಿ. ಐದು ನಿಮಿಷಕ್ಕೊಮ್ಮೆ, "ಒಂದು ಕ್ಷಣ, ಬ್ಲೇಡು ಬದಲಾಯಿಸ್ತೀನಿ" ಎಂದು ನಲ್ಲಿಯ ಕಡೆ ತಿರುಗಿ ಎರಡೂ ಕೈ ಇಳಿಬಿಟ್ಟು ಗೋಡೆಗೆ ಹಣೆಯೊತ್ತಿ ನಿಲ್ಲುತ್ತಿದ್ದ. ಬ್ಲೇಡು ಬದಲಾಗುತ್ತಿರಲಿಲ್ಲ. ರೆಪ್ಪೆ ಜೋತಾಗ ತಲೆ ಹಿಂದಕ್ಕೆ ಬಾಗಿಸಿ ಸಂದಿಯಿಂದ ನೋಡುತ್ತಿದ್ದ. ಎದುರು ಕನ್ನಡಿಯಲ್ಲಿ, ಹಿಂದಿನ ಕನ್ನಡಿಯಲ್ಲಿ, ಅವುಗಳೊಳಗಿನ ಎಲ್ಲ ಕೋಣೆಗಳಲ್ಲಿ ಒಂದು ಕಣ್ಣು ಮುಚ್ಚಿದ ರೇಡಿಯೋಗಳು ಸಾಲಾಗಿ ನಿಂತಿರುತ್ತಿದ್ದರು. ತನ್ನನ್ನು ನೋಡಿಕೊಳ್ಳದೆ ಅಲ್ಲಿ ಅವನಿಗೆ ಎಲ್ಲೂ ಕಣ್ಣು ಹಾಯಿಸುವಂತಿರಲಿಲ್ಲ.

ಮೂರನೆಯ ದಿನ ಗಿರಾಕಿಗಳಿಲ್ಲದಾಗ ಅವನು ನನ್ನ ಬಳಿ ಬಂದು ಕುಳಿತ. ತುಂಬ ಮೆಲ್ಲಗೆ, "ಮೇಷ್ಟ್ರೇ, ಏಳನೇ ಕ್ಲಾಸಲ್ಲಿ ಎರಡು ಕೊಟ್ರಿ. ಈಗಲೂ ಒಂದಿಷ್ಟು ಕೃಪಾಂಕ ಹಾಕಿಬಿಡಿ" ಎಂದ.

"ಅದು ಬೇರೆ ಕಣೋ."

"ಏನು ಬೇರೆ? ಅವತ್ತು ಲೆಕ್ಕ ಬರದವನಿಗೆ ಬರುತ್ತೆ ಅಂತ ಬರೆದ್ರಿ. ಈಗ ಕೈ ಏಳದವನಿಗೆ ಏಳುತ್ತೆ ಅಂತ ಬರೀರಿ." ಅವನ ತುಟಿಗಳು ಸೋತಿದ್ದವು, ಮಾತು ಒದ್ದೆ ಬಟ್ಟೆಯಂತೆ ಬೀಳುತ್ತಿತ್ತು. "ಆಸ್ಪತ್ರೇಲಿ ಮಲಗಿದೆ ಅಂದ್ರೆ ಬೀದಿಗೆಲ್ಲ ಗೊತ್ತಾಗುತ್ತೆ. ಆಮೇಲೆ ಈ ಷಟರ್ ಏಳಲ್ಲ. ಮೂರನೇ ಮಹಡೀಲಿ ಕೂತು ಏನು ಮಾಡ್ಲಿ? ಗೋಡೆಗೆ ಕ್ಷೌರ ಮಾಡ್ಲಾ?"

ಹಾಳೆಯಲ್ಲಿ ಬರೆದರೆ ಅಂಗಡಿ ಹೋಗುತ್ತದೆ. ಬರೆಯದಿದ್ದರೆ ಅವನೇ ಹೋಗಬಹುದು. ಅಷ್ಟು ಹೊತ್ತಿಗೆ ದರ್ಜಿ ಬಂದು ಕುರ್ಚಿಯಲ್ಲಿ ಕುಳಿತು, "ಏನು ಗುರುಶಿಷ್ಯರ ಗುಟ್ಟು? ಮೇಷ್ಟ್ರಿಗೂ ಸುರಿದು ಕೊಟ್ಯಾ?" ಎಂದ. ರೇಡಿಯೋ ಎದ್ದ. ಏಳುವಾಗ ನನ್ನ ತೊಡೆಯ ಮೇಲೆ ಕೈಯೂರಿ ಎದ್ದ. ಸಲಿಗೆಯಿಂದ ತಟ್ಟಿದಂತೆ ಕಂಡಿರಬೇಕು, ಆದರೆ ಅವನ ಭಾರವೆಲ್ಲ ನನ್ನ ಮೇಲೆ ಬಿದ್ದಿತ್ತು.

ಏಳನೆಯ ಸಂಜೆ ನಾನೇ ಕುರ್ಚಿಯಲ್ಲಿ ಕುಳಿತೆ. ಗಡ್ಡ ಬೆಳೆದಿತ್ತು, ಅದು ನಿಜ. ಬೇರೆ ಯಾರದೋ ಕುತ್ತಿಗೆಗಿಂತ ನನ್ನದೇ ವಾಸಿ ಎಂಬ ಯೋಚನೆಯೂ ಇತ್ತು. ಅವನು ಮುಖಕ್ಕೆ ನೊರೆ ಹಚ್ಚಿದ. ಬಲಗೆನ್ನೆ ಮುಗಿಯಿತು. ಎಡಕ್ಕೆ ಬಂದಾಗ ಕನ್ನಡಿಯಲ್ಲಿ ನೋಡಿದೆ. ಎರಡೂ ರೆಪ್ಪೆಗಳು ಮುಚ್ಚುವುದರಲ್ಲಿದ್ದವು. ಗದ್ದದ ಕೆಳಗೆ, ಗಂಟಲಿನ ಉಬ್ಬಿನ ಪಕ್ಕದಲ್ಲಿ ಬ್ಲೇಡು ತಣ್ಣಗೆ ಕುಳಿತಿತ್ತು.

"ಇಬ್ಬರಿದ್ದೀರಿ ಮೇಷ್ಟ್ರೇ," ಎಂದ. "ಯಾರ ಗಡ್ಡ ಹೆರೀಲಿ?"

ನಗಬೇಕೆಂದೇ ಹೇಳಿದ್ದ. ನಾನು ನಗಲಿಲ್ಲ, ಕದಲಲೂ ಇಲ್ಲ. ಆ ಬ್ಲೇಡು ಹಿಡಿದ ಕೈ ಕನ್ನಡಿಯಲ್ಲಿ ನಡುಗಲಿಲ್ಲ. ಸುಮ್ಮನೆ, ನೀರಿನಲ್ಲಿ ಮುಳುಗುವ ವಸ್ತುವಿನಂತೆ, ಕೂದಲೆಳೆಯಷ್ಟು ಕೆಳಗೆ ಸರಿಯಿತು. ಅದನ್ನು ಅವನೂ ಕಂಡ. ಕೂಡಲೇ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಬೇರೆಯವರ ಕೈಯನ್ನು ತೆಗೆಯುವಂತೆ, ನನ್ನ ಗಂಟಲಿನಿಂದ ದೂರ ತೆಗೆದ. ಕತ್ತಿಯನ್ನು ನಲ್ಲಿಯ ಕೆಳಗಿನ ತೊಟ್ಟಿಯಲ್ಲಿಟ್ಟ. ಹೋಗಿ ಬೆಂಚಿನ ಮೇಲೆ ಕುಳಿತ.

ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಬರೀರಿ," ಎಂದ.

ಅರ್ಧ ಮುಖದ ನೊರೆಯೊಂದಿಗೆ, ಮೈಮೇಲಿನ ಬಿಳಿಯ ಬಟ್ಟೆಯೊಂದಿಗೆ ನಾನು ಹಾಳೆ ಬಿಡಿಸಿದೆ.

"ಮಾತು?"

"ಕೇಳಿಸ್ಕೊಳ್ತಿದ್ದೀರಲ್ಲ. ಎರಡು."

"ಅಗಿಯೋದು?"

"ಎರಡು. ಅವಳು ಕಿವುಚಿ ಕೊಡ್ತಾಳೆ."

"ನುಂಗೋದು?"

"ಎರಡು." ಇದನ್ನು ಹೇಳುವಾಗ ಬಾಗಿಲ ಕಡೆ ನೋಡಿದ.

ಉಸಿರಾಟಕ್ಕೆ ಒಂದು, ಮೆಟ್ಟಿಲು ಹತ್ತುವಾಗ ಎಂದ. ಬಾಚುವುದು ಎರಡು. ಕುರ್ಚಿಯಿಂದ ಏಳುವುದು ಒಂದು. "ನಿಮ್ಮ ತೊಡೆ ಸಿಕ್ಕರೆ ಸೊನ್ನೆ," ಎಂದು ಸೇರಿಸಿದ. ಒಂದು ಎರಡಾಗಿ ಕಾಣುವುದು ಎರಡು, ರೆಪ್ಪೆ ಎರಡು.

"ಒಟ್ಟು ಎಷ್ಟಾಯ್ತು?"

"ಹದಿನಾಲ್ಕು."

"ಎಷ್ಟಕ್ಕೆ?"

"ಇಪ್ಪತ್ತನಾಲ್ಕಕ್ಕೆ."

"ನಿಮ್ಮ ಕ್ಲಾಸಲ್ಲಿ ನಾನು ಯಾವತ್ತೂ ಇಷ್ಟು ತಗೊಂಡಿರಲಿಲ್ಲ," ಎಂದು ಗಲ್ಲಕ್ಕೆ ಕೈಕೊಟ್ಟು ಕುಳಿತ.

ಹೆಂಡತಿ ಬಂದಳು. ನನ್ನ ಅರ್ಧ ನೊರೆಯ ಮುಖವನ್ನೂ ಕೈಯಲ್ಲಿದ್ದ ಹಾಳೆಯನ್ನೂ ನೋಡಿದಳು. ಟವೆಲ್ ಒದ್ದೆ ಮಾಡಿ ನನಗೆ ಕೊಟ್ಟಳು. ನಾನೂ ಅವಳೂ ಸೇರಿ ಷಟರ್ ಎಳೆದೆವು. ಎಷ್ಟು ಬಿಗಿಯಾಗಿತ್ತು ಅದು!

ಮರುದಿನ ಆಸ್ಪತ್ರೆಗೆ ಹೊರಡುವ ಮೊದಲು, ಬೆಳಿಗ್ಗೆ ಏಳಕ್ಕೆ, ಅವನು ಅಂಗಡಿ ತೆರೆಸಿ ನನ್ನನ್ನು ಕರೆಸಿದ. "ಇನ್ನರ್ಧ ಬಾಕಿ ಇದೆ. ಅರ್ಧ ಗಡ್ಡದ ಮೇಷ್ಟ್ರನ್ನ ಬಿಟ್ಟು ಹೋದೆ ಅನ್ನೋ ಮಾತು ಬೇಡ." ಮಲಗಿ ಎದ್ದ ಕೈ. ಎಡಗೆನ್ನೆ, ಗದ್ದ, ಗಂಟಲು, ಒಂದು ಗೀರಿಲ್ಲದೆ ಬೆಣ್ಣೆಯಂತೆ ಹೆರೆದ. ಮಾತು ಸ್ಪಷ್ಟವಾಗಿತ್ತು, ಕಣ್ಣುಗಳು ಪೂರ್ತಿ ತೆರೆದಿದ್ದವು. ಮುಗಿಸಿ ಕೈ ಚಾಚಿ ನೋಡಿಕೊಂಡ.

"ನೋಡಿ ಮೇಷ್ಟ್ರೇ. ಈ ಕೈಗಾ ಹದಿನಾಲ್ಕು? ಹಾಳೆ ಕೊಡಿ ಇಲ್ಲಿ."

ಕೊಟ್ಟೆ. ಹರಿಯುತ್ತಾನೆಂದೇ ಅಂದುಕೊಂಡೆ. ಹರಿದಿದ್ದರೆ ನಾನು ತಡೆಯುತ್ತಿರಲಿಲ್ಲವೇನೋ, ಆ ಕ್ಷಣದಲ್ಲಿ ಆ ಕೈ ಅಷ್ಟು ಚೆನ್ನಾಗಿತ್ತು. ಅವನು ಮೇಲಿಂದ ಕೆಳಗೆ ಓದಿದ, ನಾಲ್ಕಾಗಿ ಮಡಿಸಿದ, ಅಂಗಿಯ ಜೇಬಿನಲ್ಲಿಟ್ಟ. ಹೆಂಡತಿ ಗುಂಡಿ ಹಾಕಲು ಬಂದಾಗ, "ಬೆಳಿಗ್ಗೆ ನಾನೇ ಹಾಕ್ಕೊಳ್ತೀನಿ, ಬಿಡು" ಎಂದು ಐದೂ ಗುಂಡಿಗಳನ್ನು ಹಾಕಿಕೊಂಡ.

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಚಿಕಿತ್ಸೆಯಿಂದ ಗುಣ ಕಂಡಿತು. ಹದಿನಾಲ್ಕು ಆರಕ್ಕೆ ಇಳಿಯಿತು, ನೀರು ಮೂಗಿಗೆ ಬರುವುದು ನಿಂತಿತು. ಆದರೆ ಕೈ ಎತ್ತಿ ದುಡಿಯುವುದು ದಿನಕ್ಕೆ ಎರಡು ಗಂಟೆ, ಅಷ್ಟೇ ಎಂದರು. ಗಂಟಲ ಮೇಲೆ ಬ್ಲೇಡು ಬೇಡ ಎಂದರು.

ಈಗ ಅಂಗಡಿ ಎಂಟರಿಂದ ಹತ್ತರವರೆಗೆ ತೆರೆದಿರುತ್ತದೆ. ಅವನು ಹೇಳಿದ್ದೇ ನಿಜವಾಯಿತು. ಕುಡುಕನೆಂದು ನಗುತ್ತಲೇ ಕತ್ತು ಒಡ್ಡುತ್ತಿದ್ದವರು ಕಾಯಿಲೆಯೆಂದು ಕೇಳಿ, ತುಂಬ ಮರುಗಿ, ಬೇರೆ ಅಂಗಡಿಗೆ ಹೋಗುತ್ತಾರೆ. ದರ್ಜಿ ಮಾತ್ರ ತಪ್ಪದೆ ಬರುತ್ತಾನೆ. ಈಗ ಅವನು ಎಣ್ಣೆಯ ಮಾತಾಡುವುದಿಲ್ಲ. ಹಾಗಾಗಿ ಅವನಿಗೆ ಏನು ಮಾತಾಡಬೇಕೆಂದೇ ತಿಳಿಯುವುದಿಲ್ಲ. ಹೆಂಡತಿಯ ಅಣ್ಣ ಬಂದು, ಕಾಲಿಗೆ ಬೀಳುವುದೊಂದು ಬಿಟ್ಟು, ಎಲ್ಲ ರೀತಿಯಲ್ಲೂ ಕ್ಷಮೆ ಕೇಳಿ ಹೋದ. ಅವಳು ಈಗ ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಾಳೆ. ಅದೊಂದು ಒಳ್ಳೆಯದಾಯಿತು.

ಮೊನ್ನೆ ಹನ್ನೊಂದರ ಸುಮಾರಿಗೆ ಆ ಕಡೆ ಹೋಗುತ್ತಿದ್ದೆ. ಷಟರ್ ಅರ್ಧ ಇಳಿದಿತ್ತು. ಬಗ್ಗಿ ನೋಡಿದರೆ ರೇಡಿಯೋ ಗಿರಾಕಿಯ ಕುರ್ಚಿಯಲ್ಲಿ ಕುಳಿತಿದ್ದ.

"ಮನೆಗೆ ಹೋಗಲಿಲ್ವೇನೋ?"

"ನಲವತ್ತೆಂಟು ಮೆಟ್ಟಿಲು ಮೇಷ್ಟ್ರೇ. ಕಾಲಿಗೆ ಇನ್ನೂ ಶಕ್ತಿ ಬಂದಿಲ್ಲ. ಹತ್ತಿದೆ ಅಂದ್ರೆ ಇವತ್ತಿಗೆ ಮತ್ತೆ ಇಳಿಯೋದಿಲ್ಲ. ಅದಕ್ಕೇ ಇಲ್ಲೇ ಸ್ವಲ್ಪ ಹೊತ್ತು ಕೂತಿರ್ತೀನಿ."

ನಾನು ಷಟರಿನ ಕೆಳಗೆ ನುಸುಳಿ ಬೆಂಚಿನ ಮೇಲೆ ಕುಳಿತೆ. ಎರಡು ಕನ್ನಡಿಗಳಲ್ಲಿ ಅವನೂ ನಾನೂ ಸಾಲುಸಾಲಾಗಿ ಕುಳಿತಿದ್ದೆವು. ಅವನು ಅತ್ತ ನೋಡದೆ, ಅರ್ಧ ಷಟರಿನ ಕೆಳಗೆ ಕಾಣುವ ಬೀದಿಯನ್ನು ನೋಡುತ್ತ, ಹೋಗುವ ಬರುವ ಕಾಲುಗಳು ಯಾರಯಾರವೆಂದು ಹೇಳತೊಡಗಿದ.

"ಅದು ಅಂಚೆಯವನದು. ಎಡಗಾಲು ಎಳೀತಾನೆ ನೋಡಿ, ಮೂರು ದಿನದಿಂದ ಗಮನಿಸ್ತಿದ್ದೀನಿ. ಕೇಳಿದ್ರೆ ಏನಿಲ್ಲ ಅಂತಾನೆ."